ಕಿಲ್ಟ್ ಧರಿಸುವುದು ಅಪರಾಧವಲ್ಲ: ಒಂದು ಸ್ಪಷ್ಟನೆ

ಸ್ಕಾಟ್ಲೆಂಡಿನಲ್ಲಿ ಗಂಡಸರು ಸಾರ್ವಜನಿಕವಾಗಿ ಕಿಲ್ಟ್ (ಸೊಂಟದಿಂದ ಮೊಣಕಾಲಿನವರೆಗೆ ಸುತ್ತಿಕೊಳ್ಳುವ ನೆರಿಗೆಯ ಉಡುಗೆ) ಧರಿಸುವುದು ಇಂದಿಗೂ ಅಪರಾಧ, ಅದು ಹೆಂಗಸರ ಲಂಗವನ್ನು ಹೋಲುವುದರಿಂದ ನಿಷೇಧಿಸಲಾಗಿದೆ ಎಂಬ ಸಂದೇಶ ಹರಿದಾಡುತ್ತಿದೆ. ಹಿಂದೊಮ್ಮೆ ನಿಷೇಧವಿತ್ತು ಎಂಬುದಷ್ಟೇ ನಿಜ. ಹೇಳಿರುವ ಕಾಲವೂ ತಪ್ಪು, ಕಾರಣವೂ ತಪ್ಪು.

1745ರಲ್ಲಿ ಸ್ಟುವರ್ಟ್ ರಾಜವಂಶದ ಪರವಾಗಿ ಎದ್ದ ಜಾಕಬೈಟ್ ದಂಗೆಯು ಮರುವರ್ಷ ಕಲೋಡನ್ ಕದನದಲ್ಲಿ ನೆಲಕಚ್ಚಿದ ಬಳಿಕ, ಸ್ಕಾಟ್ಲೆಂಡಿನ ಗುಡ್ಡಗಾಡಾದ ಹೈಲ್ಯಾಂಡ್ಸ್ ಪ್ರದೇಶದ ಕುಲಗಳ ಬಲವನ್ನು ಮುರಿಯುವ ಉದ್ದೇಶದಿಂದ ಬ್ರಿಟಿಷ್ ಸಂಸತ್ತು ಕಿಲ್ಟ್ ಸೇರಿದಂತೆ ಅಲ್ಲಿನ ಗಂಡಸರ ಸಾಂಪ್ರದಾಯಿಕ ಉಡುಗೆಯನ್ನೇ ನಿಷೇಧಿಸಿತು. ಮೊದಲ ತಪ್ಪಿಗೆ 6 ತಿಂಗಳ ಸೆರೆ, ಮರುಕಳಿಸಿದರೆ 7 ವರ್ಷಗಳ ಗಡೀಪಾರು ವಿಧಿಸಲಾಗಿತ್ತು. ಆದರೆ ಸರ್ಕಾರದ್ದೇ ಸೇನೆಯ ಹೈಲ್ಯಾಂಡ್ ಸೈನಿಕರಿಗೆ ಕಿಲ್ಟ್ ಸಮವಸ್ತ್ರವಾಗಿ ಮುಂದುವರಿಯಿತು. ಹೆಣ್ಣುಡುಗೆಯೆಂಬ ವಾದ ಇಲ್ಲಿಯೇ ಬಿದ್ದುಹೋಗುತ್ತದೆ. ಕಾಯ್ದೆಯು 1782ರಲ್ಲಿ ರದ್ದಾಯಿತು. 1822ರಲ್ಲಿ ಎಡಿನ್‌ಬರೋ ನಗರಕ್ಕೆ ಬಂದ ದೊರೆ ನಾಲ್ಕನೇ ಜಾರ್ಜ್ ಸ್ವತಃ ಕಿಲ್ಟ್ ತೊಟ್ಟು ಕಾಣಿಸಿಕೊಂಡನು.

ಇಂದು ಅಲ್ಲಿನ ಮದುವೆಗಳಲ್ಲಿಯೂ ರಗ್ಬಿ ಪಂದ್ಯಗಳಲ್ಲಿಯೂ ಕಿಲ್ಟ್ ಸಾಮಾನ್ಯ ನೋಟ. ನಿತ್ಯದ ಕೆಲಸಕ್ಕೆ ಅದನ್ನು ಧರಿಸುವವರು ಕಡಿಮೆ ಎಂಬುದು ದಿಟವೇ ಆದರೂ ಅದು ರೂಢಿಯ ಮಾತೇ ಹೊರತು ಕಾನೂನಿನದಲ್ಲ. ಪಂಚೆ ಉಟ್ಟ ರೈತರೊಬ್ಬರನ್ನು 2024ರಲ್ಲಿ ಬೆಂಗಳೂರಿನ ಮಾಲೊಂದರಲ್ಲಿ ತಡೆದಾಗಲೂ ಪಂಚೆಯ ವಿರುದ್ಧ ಯಾವ ಕಾನೂನೂ ಇರಲಿಲ್ಲ.