ಚಿಂತೆಗೂ ಬೋನಫೈಡ್ ಬೇಕು

ಕಲಬುರಗಿಯ ಒಂದು ದೊಡ್ಡ ವಿದ್ಯಾಸಂಸ್ಥೆಗೆ ಮಕ್ಕಳ ಮನಸ್ಸಿನ ಆರೋಗ್ಯ ನೆನಪಾಯಿತು. ಹೆಸರು ಬೇಡ ಬಿಡಿ. ಹೇಳಿದರೆ ಅವರಿಗೆ ಟೆನ್ಷನ್ ಆಗುತ್ತದೆ, ಆಮೇಲೆ ಅವರಿಗೇ ಕೌನ್ಸೆಲರ್ ಬೇಕಾಗುತ್ತದೆ, ಕೌನ್ಸೆಲರ್ ಇಲ್ಲ.

ಪೂರ್ತಿ ಇಲ್ಲ ಅಂತಲ್ಲ. ನೂರು ಮಕ್ಕಳಿರುವ ಕಡೆ ತರಬೇತಿ ಪಡೆದ ಒಬ್ಬರಾದರೂ ಇರಲೇಬೇಕು ಅಂತ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಲ್ಲ? ಇಲ್ಲಿರುವುದು ಸಾವಿರಾರು ಮಕ್ಕಳು. ಹಾಗಾಗಿ ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕರೊಬ್ಬರಿಗೆ ಹೆಚ್ಚುವರಿ ಪ್ರಭಾರ ಕೊಟ್ಟರು. ಪಾಪ, ಅವರಿಗೆ ನಾಲ್ಕು ತಿಂಗಳಿಂದ ಸಂಬಳ ಆಗಿಲ್ಲ. ಚಿಂತೆ ಅಂದರೆ ಏನು ಅಂತ ಅವರಿಗೆ ಬೇರೆ ತರಬೇತಿ ಬೇಕಾ ಅನ್ನುವುದು ಆಡಳಿತದ ಲೆಕ್ಕ.

ವಿಶ್ವ ಮಾನಸಿಕ ಆರೋಗ್ಯ ದಿನ ಬರುವುದು ಅಕ್ಟೋಬರ್ 10ಕ್ಕೆ. ಇವರು ಆಚರಿಸಿದ್ದು ಮಾರ್ಚ್ 30ಕ್ಕೆ. 31 ದಾಟಿದರೆ ಅನುದಾನ ವಾಪಸ್ ಹೋಗುತ್ತದೆ, ನೋಡಿ. ಮಧ್ಯಾಹ್ನ ಮೂರು ಗಂಟೆ, ನಮ್ಮೂರ ಬಿಸಿಲು, ಸಭಾಂಗಣದಲ್ಲಿ ಕರೆಂಟಿಲ್ಲ. ವಿಷಯ ‘ಒತ್ತಡವಿಲ್ಲದ ಬದುಕು’. ಬರದಿದ್ದರೆ ಇಂಟರ್ನಲ್ ಮಾರ್ಕ್ಸ್ ಕಟ್. ಹಾಸ್ಟೆಲ್‌ಗೆ ಎರಡು ದಿನಕ್ಕೊಮ್ಮೆ ನೀರು ಬರುವುದು ಅದೇ ಹೊತ್ತಿಗೆ. ಬೇಜಾರಾದಾಗ ತಣ್ಣೀರಲ್ಲಿ ಮುಖ ತೊಳೆಯಿರಿ ಅಂತ ಮುಖ್ಯ ಅತಿಥಿಗಳು ಹೇಳಿದಾಗ ಹುಡುಗಿಯರು ಚಪ್ಪಾಳೆ ತಟ್ಟಿದರಂತೆ. ಯಾಕೆ ತಟ್ಟಿದರೋ ಅತಿಥಿಗಳಿಗೆ ತಿಳಿಯಲಿಲ್ಲ.

ಸಹಾಯವಾಣಿ ನಂಬರನ್ನು ದೊಡ್ಡ ಅಕ್ಷರದಲ್ಲಿ ಹಾಕಿ ಅಂತಲೂ ಕೋರ್ಟ್ ಹೇಳಿತ್ತು. ಬೋರ್ಡ್ ದೊಡ್ಡದೇ ಇದೆ. ಉದ್ಘಾಟಕರು, ಘನ ಉಪಸ್ಥಿತಿ, ಅಧ್ಯಕ್ಷತೆ ಅಂತ ಹದಿನಾರು ಹೆಸರು. ಮೂಲೆಯಲ್ಲಿ, ಪೇಂಟರ್‌ನ ಮೊಬೈಲ್ ನಂಬರಿನ ಕೆಳಗೆ, 14416.

ಇನ್ನು ಕೌನ್ಸೆಲಿಂಗ್‌ಗೆ ಹಾಕುವ ಅರ್ಜಿ. ಮೂರು ಪ್ರತಿ. ಇಲ್ಲಿಯದೇ ವಿದ್ಯಾರ್ಥಿ ಅನ್ನುವ ಬೋನಫೈಡ್, ವಿಭಾಗದ ಮುಖ್ಯಸ್ಥರ ಸಹಿ, ಶೇ 75 ಹಾಜರಾತಿ. ಚಿಂತೆ ಶುರುವಾದ ದಿನಾಂಕ, ಮುಗಿಯುವ ಅಂದಾಜು ದಿನಾಂಕ. ಜೊತೆಗೆ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾಗುವ 371(ಜೆ) ಸರ್ಟಿಫಿಕೇಟ್. ಚಿಂತೆ ಸ್ಥಳೀಯ ವೃಂದದ್ದೋ ಹೊರಗಿನದ್ದೋ ನೋಡಬೇಕಲ್ವಾ?

ನಮ್ಮ ಓಣಿಯಲ್ಲಿ ರೂಮು ಮಾಡಿಕೊಂಡಿರುವ ಚಿಂಚೋಳಿ ಕಡೆಯ ಹುಡುಗ ಇದನ್ನೆಲ್ಲ ತುಂಬಿಕೊಂಡು ಹೋದ. ಅವನ ಊರಲ್ಲಿ ತೊಗರಿ ನೆಟೆ ರೋಗಕ್ಕೆ ಒಣಗಿ ನಿಂತಿದೆ. ಸ್ಕಾಲರ್‌ಶಿಪ್ ಬಂದಿಲ್ಲ. ಐದೂ ಪೇಪರ್ ಬರೆದಿದ್ದಾನೆ, ಮಾರ್ಕ್ಸ್ ಕಾರ್ಡಿನಲ್ಲಿ ಎರಡಕ್ಕೆ ಆಬ್ಸೆಂಟ್. ರಾತ್ರಿ ನಿದ್ದೆ ಇಲ್ಲ.

ಕೌನ್ಸೆಲಿಂಗ್ ಕೋಣೆ ಇರುವುದು ಪರೀಕ್ಷಾ ವಿಭಾಗದ ಪಕ್ಕ. ಗೌಪ್ಯತೆ ಕಾಪಾಡಲಾಗುವುದು ಅಂತ ಬಾಗಿಲ ಮೇಲೆ ಬರೆದಿದೆ. ಮರುಮೌಲ್ಯಮಾಪನದ ಕ್ಯೂನಲ್ಲಿ ನೂರಾರು ಜನ. ಜವಾನ ಹೊರಗೆ ಬಂದು ಕೂಗಿದ: “ಡಿಪ್ರೆಶನ್ ಯಾರದ್ರೀ? ಲಗೂ ಬರ್ರಿ!”

ಒಳಗೆ ಮೇಷ್ಟ್ರು ಕೈಪಿಡಿ ತೆರೆದು ಓದಿದರು: “ನೋಡಪ್ಪ, ನೀನು ಈ ಕ್ಷಣದಲ್ಲಿ ಹಾಜರಿರುವುದನ್ನು ಕಲಿಯಬೇಕು.”

“ಹಾಜರಿದ್ದೆ ಸರ್. ಅವರೇ ಆಬ್ಸೆಂಟ್ ಹಾಕ್ಯಾರ.”

ಇದಕ್ಕೆ ಉತ್ತರ ಕೈಪಿಡಿಯಲ್ಲಿ ಇರಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಸುಮ್ನೆ ಕೂತರಂತೆ. ಮೇಷ್ಟ್ರು ತಮ್ಮ ದುಡ್ಡಲ್ಲಿ ಚಹಾ ತರಿಸಿದರು. ಇಡೀ ಯೋಜನೆಯಲ್ಲಿ ಕೆಲಸಕ್ಕೆ ಬಂದದ್ದು ಆ ಚಹಾ. ಅದರ ಬಿಲ್ಲು ಪಾಸಾಗುವುದಿಲ್ಲ.

ಅವತ್ತು ರಾತ್ರಿ ಎರಡಕ್ಕೆ ಹುಡುಗ ಮೂಲೆಯ ನಂಬರಿಗೆ ಫೋನ್ ಮಾಡಿದ. ಟೆಲಿ ಮಾನಸ್ ಅಂತ 2022ರಿಂದ ಇದೆ, ದಿನದ 24 ಗಂಟೆಯೂ, ದುಡ್ಡಿಲ್ಲ. ಆ ಕಡೆಯವರು ಕನ್ನಡದಲ್ಲೇ “ಹೇಳಿ, ಕೇಳ್ತಾ ಇದ್ದೀನಿ” ಅಂದರು. ಬೋನಫೈಡ್ ಕೇಳಲಿಲ್ಲ. ಬಹಳ ಹೊತ್ತು ಮಾತಾಡಿದ, ಆಮೇಲೆ ಮಲಗಿದ.

ಎಕ್ಸಾಂ ಹಾಲ್‌ನಲ್ಲಿ ಸಿಗದ ಅವನ ಹಾಜರಾತಿ ಸಂಸ್ಥೆಯವರಿಗೆ ಈ ಫೋನ್ ಕರೆಯಲ್ಲಿ ಮಾತ್ರ ಸಿಕ್ಕಿಬಿಟ್ಟಿತು. ಮುಂದಿನ ವಾರವೇ ನೋಟಿಸು: “ಹೊರಗಿನ ಸಹಾಯವಾಣಿಗೆ ಕರೆ ಮಾಡಿದ ವಿದ್ಯಾರ್ಥಿಗಳು ಹೆಸರು, ನೋಂದಣಿ ಸಂಖ್ಯೆ, ಒಂದು ಫೋಟೋವನ್ನು ಶನಿವಾರದೊಳಗೆ ಕಚೇರಿಗೆ ತಲುಪಿಸತಕ್ಕದ್ದು. ಸಂಸ್ಥೆಯ ಮೌಲ್ಯಾಂಕನಕ್ಕೆ ನ್ಯಾಕ್ ತಂಡ ಬರಲಿದ್ದು, ಫಲಾನುಭವಿಗಳ ಸಂಖ್ಯೆ ಕಡಿಮೆ ಕಾಣುತ್ತಿದೆ.”