ಚೆಕ್ ಮಾಡಿದ್ದೇವೆ ಅಂದರೆ, ಏನು ಮಾಡಿದಿರಿ?

‘ವರದಿಯನ್ನು ಅನಲೈಸ್ ಮಾಡಿದ್ದೇವೆ.’ ‘ಡೀಟೇಲಾಗಿ ರಿವ್ಯೂ ಆಗಿದೆ.’ ‘ಎಲ್ಲವನ್ನೂ ಸ್ಕ್ರುಟಿನೈಸ್ ಮಾಡಿಯೇ ಕಳಿಸಿದ್ದು.’ ಇಂಥ ಮಾತು ಕೇಳಿದಾಗಲೆಲ್ಲ ನನಗೆ ಕೇಳಬೇಕು ಅನ್ನಿಸುತ್ತದೆ, ನಿಜವಾಗಿ ಏನು ಮಾಡಿದಿರಿ? ಒಂದು ಸಲ ಓದಿದಿರಾ? ಲೆಕ್ಕ ತಾಳೆ ನೋಡಿದಿರಾ? ಬಿಡಿಬಿಡಿಯಾಗಿ ತೆಗೆದು ನೋಡಿದಿರಾ? ಈ ಒಂದೊಂದು ಕೆಲಸಕ್ಕೂ ಇಂಗ್ಲಿಷಿನಲ್ಲಿ ಬೇರೆ ಬೇರೆ ಪದ ಇದೆ. ನಾವು ಮಾತ್ರ ಯಾವುದು ಜಾಸ್ತಿ ಗತ್ತಿನಿಂದ ಕೇಳಿಸುತ್ತದೋ ಅದನ್ನೇ ಎತ್ತಿಕೊಳ್ಳುತ್ತೇವೆ. ಮಾಡದ ಕೆಲಸವನ್ನೂ ಮಾಡಿದಂತೆ ಹೇಳಿಕೊಳ್ಳಲು ಇದರಿಂದ ದಾರಿಯಾಗುತ್ತದೆ. ಅದಕ್ಕೇ ನನಗೆ ಇದು ಚಿಕ್ಕ ವಿಷಯ ಅನ್ನಿಸುವುದಿಲ್ಲ.

ಆಡಿಟ್ ಅನ್ನೋ ಪದವನ್ನೇ ನೋಡಿ. ಲ್ಯಾಟಿನ್ನಿನಲ್ಲಿ ಅದರ ಬೇರಿಗೆ ‘ಕೇಳು’ ಎಂದು ಅರ್ಥ. ಆಡಿಯೋ, ಆಡಿಟೋರಿಯಂ ಎಲ್ಲ ಅದೇ ಬೇರಿನವು. ಹಿಂದೆ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಎದುರಿಗೆ ಕೂತವರು ಕೇಳಿ, ಪ್ರಶ್ನೆ ಮಾಡಿ, ಒಪ್ಪಬೇಕಿತ್ತು. ಒಪ್ಪಿಸುವವರು ಒಬ್ಬರು, ಕೇಳುವವರು ಇನ್ನೊಬ್ಬರು. ಈ ದೂರ ಇವತ್ತಿಗೂ ಆಡಿಟ್‌ನ ಜೀವಾಳ. ಕೆಲಸ ಮಾಡಿದವರೇ ತಮ್ಮ ಕೆಲಸವನ್ನು ಮತ್ತೊಮ್ಮೆ ನೋಡಿಕೊಳ್ಳುವುದು ಒಳ್ಳೆಯದೇ, ಬೇಕಾದದ್ದೇ. ಆದರೆ ಅದನ್ನು ಆಡಿಟ್ ಅಂತ ಕರೆದರೆ ಓದುವವರಿಗೆ ಮೋಸವಾಗುತ್ತದೆ.

ಎಕ್ಸಾಮಿನ್ ಎಂಬುದರ ಹಿಂದೆ ತಕ್ಕಡಿಯ ಮುಳ್ಳಿದೆ. ನಾವು ‘ಅಳೆದು ತೂಗಿ’ ಅನ್ನುತ್ತೇವಲ್ಲ, ಹೆಚ್ಚೂಕಡಿಮೆ ಅದೇ. ಅನಲೈಸ್ ಗ್ರೀಕಿನದು, ಗಂಟು ಬಿಚ್ಚುವುದು. ಪ್ರೋಬ್ ಅಂದರೆ ಗಾಯ ಎಷ್ಟು ಆಳ ಇದೆ ಎಂದು ನೋಡಲು ವೈದ್ಯರು ಒಳಗೆ ಇಳಿಸುತ್ತಿದ್ದ ಕಡ್ಡಿ. ವೆಟ್ ಬಂದದ್ದು ವೆಟರಿನೇರಿಯನ್, ಅಂದರೆ ಪಶುವೈದ್ಯರಿಂದ. ಮೊದಲು ಅದನ್ನು ಹೇಳುತ್ತಿದ್ದದ್ದು ಪ್ರಾಣಿಗಳ ತಪಾಸಣೆಗೆ. ಆಮೇಲೆ ಮನುಷ್ಯರಿಗೂ ಬಂತು. ಒಬ್ಬರನ್ನು ಒಳಗೆ ಬಿಟ್ಟುಕೊಳ್ಳುವ ಮೊದಲೇ ಅವರ ಪೂರ್ವಾಪರ ನೋಡುವ ಕೆಲಸ ಅದು. ನೇಮಕ ಆದ ಮೇಲೆ ವೆಟಿಂಗ್ ಮಾಡುತ್ತೇವೆ ಅಂದರೆ ಅರ್ಥವೇ ಇಲ್ಲ.

ಇನ್‌ಸ್ಪೆಕ್ಷನ್‌ಗೂ ಇನ್ವೆಸ್ಟಿಗೇಶನ್‌ಗೂ ಇರುವ ವ್ಯತ್ಯಾಸವಂತೂ ತುಂಬ ಮುಖ್ಯ. ಮೊದಲನೆಯದು ಕಣ್ಣಿನ ಕೆಲಸ. ಯಾರ ಮೇಲೂ ಅನುಮಾನ ಇಲ್ಲದಿದ್ದರೂ ಮಾಡಬಹುದು. ಎರಡನೆಯದರ ಬೇರಿನಲ್ಲಿ ಹೆಜ್ಜೆಗುರುತು ಇದೆ. ಯಾರೋ ಅಲ್ಲಿ ಆಗಲೇ ನಡೆದು ಹೋಗಿದ್ದಾರೆ, ನೀವು ಜಾಡು ಹಿಡಿದು ಹೊರಟಿದ್ದೀರಿ. ಮಾಮೂಲಿ ತಪಾಸಣೆಗೆ ಇನ್ವೆಸ್ಟಿಗೇಶನ್ ಅಂತ ಹೆಸರಿಟ್ಟರೆ ತಪ್ಪೇ ಮಾಡದವರ ಮೇಲೂ ಅನುಮಾನದ ನೆರಳು ಬೀಳುತ್ತದೆ. ನಿಜವಾದ ತನಿಖೆ ಬೇಕಾದ ಕಡೆ ಸುಮ್ನೆ ಒಂದು ಇನ್‌ಸ್ಪೆಕ್ಷನ್ ಮಾಡಿ ಕೈ ತೊಳೆದುಕೊಂಡರೆ ತಪ್ಪು ಮಾಡಿದವರು ತಪ್ಪಿಸಿಕೊಳ್ಳುತ್ತಾರೆ.

ಪದದ ಹಳೆಯ ಅರ್ಥವೇ ಸರಿ, ಈಗಿನದು ತಪ್ಪು ಅಂತ ನಾನು ವಾದ ಮಾಡುತ್ತಿಲ್ಲ. ಪದಗಳು ಬದಲಾಗುತ್ತವೆ, ಬದಲಾಗಬೇಕು. ಆದರೆ ಸ್ಕ್ಯಾನ್, ಪೆರೂಸ್ ಎಂಬ ಎರಡು ಪದಗಳ ಕತೆ ಮಾತ್ರ ನನಗೆ ನೋವು ಕೊಡುತ್ತದೆ. ಸ್ಕ್ಯಾನ್ ಮಾಡುವುದು ಅಂದರೆ ಒಂದು ಕಾಲದಲ್ಲಿ ಕವಿತೆಯ ಸಾಲಿನಲ್ಲಿ ಗಣ ವಿಂಗಡಿಸುವುದು. ಮುಂದೆ ಅದು ಯಾವುದನ್ನಾದರೂ ಇಂಚಿಂಚು ನೋಡುವುದಕ್ಕೆ ಹೆಸರಾಯಿತು. ಈಗ? ಮೇಲೆ ಮೇಲೆ ಕಣ್ಣಾಡಿಸುವುದಕ್ಕೂ ಅದೇ ಪದ. ಪೆರೂಸ್ ಅಂದರೆ ಮನಸ್ಸಿಟ್ಟು ಪೂರ್ತಿ ಓದುವುದು. ಅದನ್ನೂ ಪುಟ ತಿರುವಿ ಹಾಕುವುದಕ್ಕೆ ಬಳಸುವವರೇ ಈಗ ಬಹಳ. ಹೀಗಾಗಿ ‘ನಿಮ್ಮ ದಾಖಲೆ ಪೆರೂಸ್ ಮಾಡಿದೆ’ ಎಂದು ಯಾರಾದರೂ ಬರೆದರೆ, ಅವರು ಓದಿದರೋ ಬಿಟ್ಟರೋ ಪದದಿಂದ ಗೊತ್ತಾಗುವುದಿಲ್ಲ. ನಿಧಾನವಾಗಿ ಮಾಡುವ ಕೆಲಸದ ಹೆಸರನ್ನು ಅವಸರದ ಕೆಲಸ ಹೊತ್ತುಕೊಂಡು ಹೋಗಿದೆ.

ಇನ್ನು ಕ್ರಿಟಿಕಲ್. ಎಲ್ಲಕ್ಕಿಂತ ಹೆಚ್ಚು ಅನ್ಯಾಯ ಆಗಿರುವುದು ಇದಕ್ಕೇ. ಗ್ರೀಕಿನಲ್ಲಿ ಇದರ ಬೇರು ‘ಬೇರ್ಪಡಿಸು, ತೀರ್ಮಾನಿಸು’ ಅನ್ನುತ್ತದೆ. ಕ್ರೈಟೀರಿಯನ್, ಕ್ರೈಸಿಸ್ ಕೂಡ ಅಲ್ಲಿಂದಲೇ ಬಂದವು. ಹಳೆಯ ಗ್ರೀಕ್ ವೈದ್ಯದಲ್ಲಿ ಕ್ರೈಸಿಸ್ ಎಂದರೆ ರೋಗಿ ಉಳಿಯುತ್ತಾನೋ ಇಲ್ಲವೋ ಎಂದು ತೀರ್ಮಾನವಾಗುವ ಗಳಿಗೆ. ನಮಗೆ ಮಾತ್ರ ‘ಕ್ರಿಟಿಕಲ್ ಆಗಿ ನೋಡು’ ಅಂದ ಕೂಡಲೇ ಕೊಂಕು ಹುಡುಕುವುದು ಅಂತಲೇ ಕೇಳಿಸುತ್ತದೆ. ಹೀಗಾಗಿ ಬರೆದವರು ಹೆದರುತ್ತಾರೆ. ಓದುವವರು ನಿಷ್ಠುರ ಯಾಕೆ ಅಂತ ‘ಸೂಪರ್’ ಎಂದು ಬರೆದು ಸುಮ್ಮನಾಗುತ್ತಾರೆ. ಆ ‘ಸೂಪರ್’ನಿಂದ ಬರೆದವರಿಗೆ ಏನೂ ಸಿಗುವುದಿಲ್ಲ. ಹಿಗ್ಗಾಮುಗ್ಗಾ ಬೈದರೂ ಅಷ್ಟೇ. ಮೂರನೇ ಪ್ಯಾರಾ ನಿಲ್ಲುತ್ತದೆ, ಐದನೆಯದಕ್ಕೆ ಆಧಾರ ಇಲ್ಲ, ಕೊನೆಯ ತೀರ್ಮಾನ ಆ ಆಧಾರದಿಂದ ಹುಟ್ಟುವುದಿಲ್ಲ ಅಂತ ಯಾರಾದರೂ ತೋರಿಸಿಕೊಟ್ಟರೆ ಅದು ವಿಮರ್ಶೆ. ಹಾಗೆ ತೋರಿಸಲು ಪೂರ್ತಿ ಓದಿರಬೇಕು. ಬರೆದವರ ಶ್ರಮಕ್ಕೆ ಬೆಲೆ ಕೊಟ್ಟಿರಬೇಕು.

1660ರಲ್ಲಿ ಲಂಡನ್ನಿನಲ್ಲಿ ಶುರುವಾದ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿಯ ಧ್ಯೇಯವಾಕ್ಯದ ಅರ್ಥ, ಯಾರೋ ಹೇಳಿದರು ಅಂತ ಒಪ್ಪಬೇಡ ಎಂದು. ಅಲ್ಲಿ ಯಾರನ್ನೂ ಹೀಗಳೆಯುವ ಉದ್ದೇಶ ಇಲ್ಲ. ಹೇಳಿದವರು ಎಷ್ಟು ದೊಡ್ಡವರಾದರೂ ಪ್ರಯೋಗ ಮಾಡಿ ನೋಡೋಣ ಅನ್ನುವ ಹಟ ಅದು. ಮುಂದಿನ ಸಲ ನಿಮಗೆ ಯಾರಾದರೂ ‘ಕ್ರಿಟಿಕಲ್ ರಿವ್ಯೂ ಆಗಿದೆ’ ಎಂದು ಕಾಗದ ಕೊಟ್ಟರೆ, ದಯವಿಟ್ಟು ಕೇಳಿ: ಯಾವುದನ್ನು ಉಳಿಸಿಕೊಂಡಿರಿ, ಯಾವುದನ್ನು ಬಿಟ್ಟಿರಿ, ಯಾಕೆ?