ತೊಗಲು ಕದ್ದವನನ್ನು ಪ್ರೇಮಿ ಅನ್ನಬೇಡಿ

ಸೀಲ್ ಅನ್ನುವ ಕಡಲ ಪ್ರಾಣಿಯೊಂದು ಮನುಷ್ಯನ ಹೆಂಡತಿಯಾದ ಕಥೆಯನ್ನು ಜನ ಪ್ರೇಮಕಥೆ ಅಂತ ಹಂಚಿಕೊಳ್ಳುವುದು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಅದು ಕಳ್ಳತನದ ಕಥೆ.

ಸ್ಕಾಟ್ಲೆಂಡಿನ ಆರ್ಕ್ನಿ, ಶೆಟ್ಲೆಂಡ್ ದ್ವೀಪಗಳಲ್ಲೂ ಇನ್ನೂ ಉತ್ತರದ ಫ್ಯಾರೋ ದ್ವೀಪಗಳಲ್ಲೂ ಇದು ಹಳೇ ಕಥೆ. ಸೀಲ್‌ಗಳು ದಡಕ್ಕೆ ಬಂದು, ತೊಗಲು ಕಳಚಿಟ್ಟು ಮನುಷ್ಯರಾಗುತ್ತವೆ. ಫ್ಯಾರೋದ ಕಾಲ್ಸೊಯ್ ದ್ವೀಪದಲ್ಲಿ ಮಿಕ್ಲಾದಾಲೂರ್ ಅಂತ ಒಂದು ಊರಿದೆ. ಅಲ್ಲಿನ ಹುಡುಗನೊಬ್ಬ ಅಡಗಿ ಕೂತು, ಕುಣಿಯಲು ಬಂದವಳ ತೊಗಲು ಎತ್ತಿಕೊಂಡ. ಅವಳು ಗೋಗರೆದರೂ ಕೊಡಲಿಲ್ಲ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಮೈಮೇಲೇ ಇಟ್ಟುಕೊಂಡು ಓಡಾಡಿದ. ಮದುವೆ, ಮಕ್ಕಳು ಎಲ್ಲ ಆಯಿತು. ಒಂದು ದಿನ ಮೀನು ಹಿಡಿಯಲು ಹೋದವನು ಬೀಗದ ಕೈ ಮನೆಯಲ್ಲೇ ಮರೆತ. ಅವಳು ಒಲೆ ಆರಿಸಿದಳು. ಮಕ್ಕಳ ಕೈಗೆ ಸಿಗದಂತೆ ಚಾಕು-ಚೂರಿ ಎತ್ತಿಟ್ಟಳು. ಆಮೇಲೆ ತೊಗಲು ತೊಟ್ಟು ಕಡಲಿಗೆ ಹೋದಳು.

ಪ್ರೀತಿ ಇದ್ದಿದ್ದರೆ ಬೀಗ ಯಾಕೆ ಬೇಕಿತ್ತು?

ಹಂಚಿಕೊಳ್ಳುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಆ ಊರಿನವರ ಕಥೆ ಮುಂದಕ್ಕೂ ಇದೆ. ಗಂಡಸರು ಸೀಲ್ ಬೇಟೆಗೆ ಹೊರಡುವ ಹಿಂದಿನ ರಾತ್ರಿ ಅವಳು ಇವನ ಕನಸಿನಲ್ಲಿ ಬಂದಳು. ಗುಹೆಯಲ್ಲಿರುವ ಗಂಡು ಸೀಲ್ ನನ್ನ ಗಂಡ, ಒಳಗಿರುವ ಎರಡು ಮರಿ ನನ್ನ ಮಕ್ಕಳು, ಮುಟ್ಟಬೇಡ ಅಂದಳು. ಕೇಳಲಿಲ್ಲ. ಕೊಂದು ತಂದು ಬೇಯಿಸಿದರು. ಆಗ ಅವಳು ಶಾಪ ಹಾಕಿದಳು. ಈ ಊರಿನ ಗಂಡಸರು ನೀರಲ್ಲಿ ಮುಳುಗಿ, ಬಂಡೆಯಿಂದ ಉರುಳಿ ಸಾಯುತ್ತಾ ಇರಲಿ, ಸತ್ತವರು ಕೈ ಕೈ ಹಿಡಿದು ನಿಂತರೆ ಇಡೀ ದ್ವೀಪ ಸುತ್ತುವಷ್ಟು ಆಗುವ ತನಕ. 2014ರಲ್ಲಿ ಅದೇ ಊರಿನ ದಡದಲ್ಲಿ ಅವಳ 2.6 ಮೀಟರ್ ಎತ್ತರದ ಪ್ರತಿಮೆ ನಿಲ್ಲಿಸಿದರು. ಶಾಪ ಹಾಕಿದವಳಿಗೇ ಪ್ರತಿಮೆ! ಆ ಊರಿನವರ ಮೇಲೆ ನನಗೆ ಗೌರವ ಬಂದಿದ್ದು ಇದಕ್ಕೇ.

ಈಗ ಇದನ್ನೇ ತಿರುಗಿಸಿ ನೋಡಿ. 12ನೇ ಶತಮಾನದ ಫ್ರೆಂಚ್ ಕಥನಕಾವ್ಯದಲ್ಲಿ ಬಿಸ್ಕ್ಲಾವ್ರೆ ಅಂತ ಒಬ್ಬ ಬರುತ್ತಾನೆ. ವಾರದಲ್ಲಿ ಮೂರು ದಿನ ತೋಳವಾಗುವವನು. ಬಟ್ಟೆ ಸಿಕ್ಕರೆ ಮಾತ್ರ ವಾಪಸ್ ಮನುಷ್ಯ. ಹೆಂಡತಿ ಹೆದರಿ, ಬೇರೊಬ್ಬನ ಕೈಲಿ ಆ ಬಟ್ಟೆ ಕದಿಸುತ್ತಾಳೆ. ಕೆಲಸ ಒಂದೇ, ಅಲ್ವಾ? ಫ್ಯಾರೋದವನು ತೊಗಲು ಕದ್ದ, ಇವಳು ಬಟ್ಟೆ ಕದಿಸಿದಳು. ಆದರೆ ಇವಳ ಮೂಗನ್ನು ತೋಳ ಕಚ್ಚಿ ಕೀಳುತ್ತದೆ. ರಾಜ ಹಿಂಸೆ ಕೊಟ್ಟು ನಿಜ ಹೇಳಿಸಿ ದೇಶದಿಂದ ಓಡಿಸುತ್ತಾನೆ. ಅವಳ ಸಂತಾನದಲ್ಲೂ ಮೂಗಿಲ್ಲದ ಹೆಣ್ಣುಮಕ್ಕಳು ಹುಟ್ಟುತ್ತಾರಂತೆ. ಇದನ್ನು ಯಾರೂ ಪ್ರೇಮಕಥೆ ಅನ್ನಲ್ಲ.

ಗಂಡಂದಿರೆಲ್ಲ ಹೀಗೇ ಅಂತಲ್ಲ. ಜಪಾನಿನ 9ನೇ ಶತಮಾನದ ಒಂದು ಬೌದ್ಧ ಕಥಾಸಂಗ್ರಹದಲ್ಲಿ ಮಿನೋ ಪ್ರಾಂತ್ಯದವನೊಬ್ಬ ಇದ್ದಾನೆ. ಅವನ ಹೆಂಡತಿ ನಾಯಿಗೆ ಹೆದರಿ, ನರಿಯಾಗಿ ಬೇಲಿ ಹತ್ತಿ ಕೂತಳು. ನಿಜ ಬಯಲಾಯಿತು. ಅವನು ದೊಣ್ಣೆ ಹುಡುಕಲಿಲ್ಲ. ನಮಗೊಂದು ಮಗು ಇದೆ, ನಿನ್ನನ್ನು ಮರೆಯೋಕಾಗಲ್ಲ, ಬರ್ತಾ ಇರು ಅಂದ. ಅವಳೂ ಬರುತ್ತಿದ್ದಳು. ಬೀಗ ಇಲ್ಲ, ಪೆಟ್ಟಿಗೆ ಇಲ್ಲ.

ನಮ್ಮ ಕಡೆಯ ಹೂವಿನ ಗಿಡವಾಗುವ ಹುಡುಗಿಯ ಕಥೆಯಲ್ಲಿ ತೊಗಲೂ ಇಲ್ಲ, ಬಟ್ಟೆಯೂ ಇಲ್ಲ. ಎರಡು ಕೊಡ ನೀರು ಸಾಕು. ಒಂದು ಸುರಿದರೆ ಗಿಡ, ಇನ್ನೊಂದು ಸುರಿದರೆ ಹುಡುಗಿ. ಚಿಗುರು ಮುರಿಯದಂತೆ ಹೂ ಬಿಡಿಸಬೇಕು ಅಷ್ಟೇ. ಆದರೆ ನೀರು ಸುರಿಯೋದು ಇನ್ನೊಬ್ಬರು. ಅಕ್ಕ ಸುರಿಯುವಾಗ ಎಲ್ಲ ಸರಿಯಿತ್ತು. ರಾಜಕುಮಾರ ಮದುವೆಯಾದ ಮೇಲೆ, ಗಿಡ ಆಗು ಅಂತ ಪಟ್ಟು ಹಿಡಿದ. ದಿನಾ ಹೂವಿನ ಹಾಸಿಗೆ. ಅದನ್ನು ಕಂಡ ನಾದಿನಿ ಅವಳನ್ನು ತೋಟಕ್ಕೆ ಕರೆದೊಯ್ದು, ಗೆಳತಿಯರ ಜೊತೆ ಕೊಂಬೆ ಮುರಿದು, ಎರಡನೇ ಕೊಡ ಸರಿಯಾಗಿ ಸುರಿಯದೆ ಓಡಿಬಿಟ್ಟಳು. ಹುಡುಗಿ ಕೈಕಾಲಿಲ್ಲದ ಮೊಂಡಾಗಿ ಉಳಿದಳು.

ಕೊನೆಗೆ ಮುರಿದ ಕೊಂಬೆ ಜೋಡಿಸಿ, ನೀರು ಸುರಿದು ಅವಳನ್ನು ವಾಪಸ್ ತರುವವನು ಗಂಡನೇ, ಸರಿ. ಆದರೆ ಅವಳ ಗುಟ್ಟನ್ನು ತನ್ನ ಖುಷಿಗೆ ಮೊದಲು ಬಳಸಿಕೊಂಡವನೂ ಅವನೇ ತಾನೇ? ನಾನು ಓದಿದ ಆವೃತ್ತಿಯಲ್ಲಿ ರಾಜ ಸುಡುವ ಸುಣ್ಣದ ಗುಂಡಿ ತೋಡಿಸುತ್ತಾನೆ. ಅದಕ್ಕೆ ನೂಕುವುದು ನಾದಿನಿಯನ್ನು ಮಾತ್ರ. ಮಗನಿಗೆ ಒಂದು ಬೈಗುಳವೂ ಇಲ್ಲ.